ಕೈ ಎತ್ತಿಸದ ಸಮಿತಿ: ಕ್ವೇಕರ್ ಸಮಾವೇಶದಲ್ಲಿ ಸ್ವಯಂಸೇವೆ

ಓಟ್ಸ್ ಡಬ್ಬಿಯ ಮೇಲಿನ ಟೋಪಿಯ ಅಜ್ಜನಿಗೂ ಕ್ವೇಕರ್ ಪಂಥಕ್ಕೂ ಹೆಸರೊಂದು ಬಿಟ್ಟರೆ ಬೇರೆ ನಂಟಿಲ್ಲ. ಕನ್ನಡಿಗರ ಮನೆಯಲ್ಲಿ ಕ್ವೇಕರ್ ಎಂದೊಡನೆ ಬರುವ ಮೊದಲ ಪ್ರಶ್ನೆ ಅದೇ ಆದ್ದರಿಂದ ಮೊದಲೇ ಹೇಳಿ ಮುಗಿಸಿದೆವು. ಕ್ವೇಕರರು 17ನೇ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಸಂಗಡಿಗರಿಂದ ಶುರುವಾದ ‘ರಿಲಿಜಿಯಸ್ ಸೊಸೈಟಿ ಆಫ್ ಫ್ರೆಂಡ್ಸ್’ಗೆ ಸೇರಿದವರು. ತಮ್ಮನ್ನು ಫ್ರೆಂಡ್ಸ್ ಎಂದೇ ಕರೆದುಕೊಳ್ಳುತ್ತಾರೆ. 1947ರ ನೊಬೆಲ್ ಶಾಂತಿ ಪ್ರಶಸ್ತಿ ಇವರ ಎರಡು ಸೇವಾ ಸಂಸ್ಥೆಗಳಿಗೆ, ಬ್ರಿಟನ್ನಿನ ಒಂದಕ್ಕೂ ಅಮೆರಿಕದ ಒಂದಕ್ಕೂ, ಜಂಟಿಯಾಗಿ ಬಂತು. ಪಾದ್ರಿ, ಪ್ರವಚನ ಇರುವ ಕವಲುಗಳೂ ಇವರಲ್ಲಿವೆ. ಈ ಬರಹ ಅವುಗಳ ಬಗ್ಗೆ ಅಲ್ಲ. ಪಾದ್ರಿಯಿಲ್ಲದೆ, ಬರೆದಿಟ್ಟ ಪ್ರಾರ್ಥನೆಯಿಲ್ಲದೆ, ಸುಮ್ಮನೆ ಮೌನದಲ್ಲಿ ಕೂತು ಯಾರಿಗಾದರೂ ಒಳಗಿನಿಂದ ಮಾತು ಹುಟ್ಟಿದರೆ ಎದ್ದು ಹೇಳುವವರ ವಾರ್ಷಿಕ ಸಮಾವೇಶದ ಬಗ್ಗೆ.

ಅದನ್ನು ನಡೆಸುವುದು ಫ್ರೆಂಡ್ಸ್ ಜನರಲ್ ಕಾನ್ಫರೆನ್ಸ್, ಬಾಯಿಮಾತಿನಲ್ಲಿ ಎಫ್‌ಜಿಸಿ. 1900ರಲ್ಲಿ ನ್ಯೂಯಾರ್ಕ್ ರಾಜ್ಯದ ಶಟಾಕ್ವಾದಲ್ಲಿ ಶುರುವಾದ ಸಂಸ್ಥೆ, ಕಚೇರಿ ಫಿಲಡೆಲ್ಫಿಯಾದಲ್ಲಿ. ಸಮಾವೇಶಕ್ಕೆ ‘ಗ್ಯಾದರಿಂಗ್’ ಎಂದಷ್ಟೇ ಹೆಸರು. 1958ರಲ್ಲಿ ನ್ಯೂಜೆರ್ಸಿಯ ಕೇಪ್ ಮೇಯಲ್ಲಿ ಸೇರಿದಾಗ ಮಾರ್ಟಿನ್ ಲೂಥರ್ ಕಿಂಗ್ ಬಂದು ಮಾತಾಡಿದ್ದರು. ಈಗ ಅದು ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ತಿರುಗುತ್ತದೆ: 2018ರಲ್ಲಿ ಓಹಾಯೋದ ಟೊಲೀಡೊ, 2019ರಲ್ಲಿ ಅಯೋವಾದ ಗ್ರಿನೆಲ್, 2020ರಲ್ಲಿ ಕೊರೋನಾದಿಂದಾಗಿ ಮನೆಮನೆಯ ಪರದೆ, 2022ರಲ್ಲಿ ವರ್ಜೀನಿಯಾದ ರ‍್ಯಾಡ್‌ಫರ್ಡ್, 2024ರಲ್ಲಿ ಪೆನ್ಸಿಲ್ವೇನಿಯಾದ ಹ್ಯಾವರ್‌ಫರ್ಡ್. ಕಾಲೇಜು ಖಾಲಿಯಿರುವ ಜುಲೈ ಮೊದಲ ವಾರವೇ ರೂಢಿ. ಹಾಸ್ಟೆಲ್ ಕೋಣೆಗಳಲ್ಲಿ ವಾಸ, ಕಾಲೇಜಿನ ಕೆಫೆಟೀರಿಯಾದಲ್ಲಿ ಊಟ, ಬೆಳಗ್ಗೆ ವರ್ಕ್‌ಶಾಪು, ಮಧ್ಯಾಹ್ನ ಆಸಕ್ತರ ಗುಂಪುಗಳು, ಸಂಜೆ ಎಲ್ಲರೂ ಸೇರುವ ಸಭೆ. ಕೈಗೂಸಿನಿಂದ ತೊಂಬತ್ತು ದಾಟಿದವರವರೆಗೆ ಎಲ್ಲ ವಯಸ್ಸಿನವರೂ ಇರುತ್ತಾರೆ.

ಕೆಲಸಕ್ಕೆ ಸೇರುವ ದಾರಿಗಳು ಮೂರು. ಗ್ಯಾದರಿಂಗ್ ಸಮಿತಿಗೆ ಸೇರಿದರೆ ಸುಮಾರು ಒಂದು ವರ್ಷದ ಬದ್ಧತೆ: ತಿಂಗಳು ತಿಂಗಳು ಜೂಮ್ ಸಭೆ, ಜೊತೆಗೆ ಕ್ಯಾಂಪಸ್ ನೋಡಲು ಹೋಗುವುದು. ಎರಡನೆಯದು, ಶುಲ್ಕದಲ್ಲಿ ಕಡಿತ ಪಡೆದು ಅದಕ್ಕೆ ಬದಲಾಗಿ ಸಮಾವೇಶದ ವಾರದಲ್ಲಿ ಗೊತ್ತುಪಡಿಸಿದ ಗಂಟೆಗಳ ಕೆಲಸ. ಮೂರನೆಯದು, ಬಂದವರು ಬಿಡುವಿದ್ದಾಗ ಒಂದೆರಡು ಗಂಟೆ ಕೈಜೋಡಿಸುವುದು. ಅಮೆರಿಕದಲ್ಲಿರುವ ನಮ್ಮವರು ಎರಡನೆಯ ದಾರಿ ಹಿಡಿಯುವ ಮುನ್ನ ಒಂದು ವಿಷಯ ಗಮನಿಸಬೇಕು. ಎಚ್-4 (ಕೆಲಸಕ್ಕೆ ಬಂದವರ ಕುಟುಂಬದವರಿಗೆ ಕೊಡುವ ವೀಸಾ) ಅಥವಾ ಸಂದರ್ಶಕ ವೀಸಾದಲ್ಲಿ ಇದ್ದು ಕೆಲಸದ ಪರವಾನಗಿ ಇಲ್ಲದಿದ್ದರೆ, ಕೆಲಸಕ್ಕೆ ಪ್ರತಿಯಾಗಿ ಸಿಗುವ ರಿಯಾಯಿತಿಯನ್ನೂ ಸಂಬಳದ ರೂಪ ಎಂದು ನೋಡುವ ಸಾಧ್ಯತೆ ಇದೆ. ಸಂಘಟಕರನ್ನೂ ವೀಸಾ ವಕೀಲರನ್ನೂ ಕೇಳಿಯೇ ಮುಂದುವರಿಯಿರಿ. ಅನುಮಾನ ಇದ್ದರೆ ಏನೂ ಪಡೆಯದೆ ಮಾಡುವ ಮೂರನೆಯ ದಾರಿ ಮೇಲು.

ಸಮಿತಿಗೆ ಹೆಸರು ಕೊಟ್ಟ ಮಾತ್ರಕ್ಕೆ ಕೆಲಸ ಕೈಗೆ ಬರುವುದಿಲ್ಲ. ನಾಮನಿರ್ದೇಶನ ಮಾಡುವವರು ಫೋನು ಮಾಡಿ ಮಾತಾಡುತ್ತಾರೆ. ನಿಮಗೆ ಏನು ಬರುತ್ತದೆ ಎನ್ನುವುದಕ್ಕಿಂತ ಈ ಕೆಲಸಕ್ಕೆ ನಿಮ್ಮ ಒಳಮನಸ್ಸು ಒಪ್ಪಿದೆಯೇ, ಮನೆಯಲ್ಲಿ ಈ ವರ್ಷ ಬೇರೆ ಏನು ಭಾರ ಇದೆ, ಇಂಥದನ್ನೇ ಕೇಳುತ್ತಾರೆ. ಅಮೆರಿಕದ ಕನ್ನಡಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನಕ್ಕೋ ಊರಿನ ಕನ್ನಡಕೂಟದ ಯುಗಾದಿಗೋ ದುಡಿದವರಿಗೆ ಇದು ವಿಚಿತ್ರವೆನಿಸಬಹುದು, ಅಲ್ಲಿ ‘ಬರ್ತೀರಾ? ಬನ್ನಿ, ಊಟದ ಕಮಿಟಿ ನೋಡ್ಕೊಳ್ಳಿ’ ಎಂದರೆ ಮುಗಿಯಿತು. ಆದರೆ ಫೋನಿನ ಮಾತು ಬರೀ ಔಪಚಾರಿಕವಲ್ಲ. ‘ಈ ವರ್ಷ ಬೇಡ’ ಎನ್ನುವ ಉತ್ತರವನ್ನು ಇಲ್ಲಿ ನಿಜವಾಗಿಯೂ ಸ್ವೀಕರಿಸುತ್ತಾರೆ, ಬೇಸರಪಟ್ಟುಕೊಳ್ಳುವುದಿಲ್ಲ. ದಾಕ್ಷಿಣ್ಯಕ್ಕೆ ಒಪ್ಪಿಕೊಂಡು ಏಪ್ರಿಲ್‌ನಲ್ಲಿ ಕಾಣೆಯಾಗುವವರಿಂದ ಆಗುವ ತೊಂದರೆ ದೊಡ್ಡದು, ಆ ಹೊತ್ತಿಗೆ ಹೊಸಬರನ್ನು ಹುಡುಕಿ ಹಿಂದಿನದೆಲ್ಲ ತಿಳಿಸಿಕೊಡಲು ಸಮಯ ಉಳಿದಿರುವುದಿಲ್ಲ.

ಹೊಸಬರು ಎಡವುವುದು ಸಭೆಯ ರೀತಿಯಲ್ಲಿ. ಇಲ್ಲಿ ಅಧ್ಯಕ್ಷರಿಲ್ಲ, ಕ್ಲರ್ಕ್ ಇರುತ್ತಾರೆ. ಗುಮಾಸ್ತೆ ಎಂದುಕೊಳ್ಳಬೇಡಿ, ಸಭೆ ನಡೆಸುವವರು ಅವರೇ. ಗ್ಯಾದರಿಂಗ್ ಸಮಿತಿಗೆ ಸಾಮಾನ್ಯವಾಗಿ ಇಬ್ಬರು ಜಂಟಿ ಕ್ಲರ್ಕುಗಳು. ಸಭೆ ಮೌನದಿಂದ ಶುರು. ವಿಷಯ ಮಂಡನೆಯಾದ ಮೇಲೆ ಒಬ್ಬರು ಮಾತಾಡುತ್ತಾರೆ, ಸ್ವಲ್ಪ ಹೊತ್ತು ಮೌನ, ಮತ್ತೊಬ್ಬರು ಮಾತಾಡುತ್ತಾರೆ. ಒಬ್ಬರ ಮಾತು ಮುಗಿಯುತ್ತಿದ್ದಂತೆ ‘ಹಾಗಲ್ಲ’ ಎಂದು ಬಾಯಿ ಹಾಕುವಂತಿಲ್ಲ. ಒಬ್ಬರೇ ಒಂದು ವಿಷಯಕ್ಕೆ ಮೂರು ಸಲ ಏಳುವುದೂ ಚೆನ್ನಲ್ಲ. ನಿಮ್ಮ ಮನಸ್ಸಿನಲ್ಲಿದ್ದುದನ್ನು ಇನ್ನೊಬ್ಬರು ಹೇಳಿದ್ದರೆ ಮತ್ತೆ ಹೇಳಬೇಕಿಲ್ಲ, ‘ಆ ಫ್ರೆಂಡ್ ನನ್ನ ಮನಸ್ಸನ್ನೇ ಹೇಳಿದರು’ ಎಂದರೆ ಸಾಕು. ಮತದಾನ ಇಲ್ಲ. ಅನುಮೋದಕರು ಇಲ್ಲ. ಹನ್ನೆರಡರಲ್ಲಿ ಹತ್ತು ಜನ ಒಂದು ಕಡೆ ಇದ್ದಾರೆ ಎಂಬ ಲೆಕ್ಕ ಇಲ್ಲಿ ನಡೆಯದು. ಉಳಿದ ಇಬ್ಬರು ಏನನ್ನು ಕಾಣುತ್ತಿದ್ದಾರೆ ಎಂದು ಕಾಯಬೇಕು. ಸಭೆಯ ಒಟ್ಟು ಮನಸ್ಸು ಒಂದು ಕಡೆ ಕೂಡಿತೆನಿಸಿದಾಗ ಕ್ಲರ್ಕ್ ಅಲ್ಲೇ ಎರಡು ಮೂರು ವಾಕ್ಯದ ಮಿನಿಟ್ (ತೀರ್ಮಾನದ ದಾಖಲೆ) ಬರೆದು ಓದುತ್ತಾರೆ. ‘ಅಪ್ರೂವ್’ ಎಂಬ ದನಿಗಳು ಬಂದರೆ ಅದು ತೀರ್ಮಾನ. ‘ನನಗೆ ಒಪ್ಪಿಗೆಯಿಲ್ಲ, ಆದರೆ ಅಡ್ಡ ನಿಲ್ಲುವುದಿಲ್ಲ’ ಎನ್ನಲೂ ಅವಕಾಶವುಂಟು; ಬೇಕೆಂದರೆ ಅದನ್ನೂ ಮಿನಿಟ್‌ನಲ್ಲಿ ಬರೆಯುತ್ತಾರೆ.

ಮಿನಿಟ್ ಆಗಿಂದಾಗಲೇ ಒಪ್ಪಿಗೆಯಾಗುವುದರಿಂದ ಮುಂದಿನ ತಿಂಗಳು ‘ನಾನು ಹಾಗೆ ಹೇಳಿರಲಿಲ್ಲ’ ಎಂಬ ಜಗಳಕ್ಕೆ ಎಡೆ ಇರುವುದಿಲ್ಲ. ನಿಧಾನ ಎಂದು ಗೊಣಗುವವರು ಈ ಉಳಿತಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಜವಾಗಿ ಕೆಡುವುದು ಬೇರೆ ಕಡೆ. ಒಂದು, ಇಮೇಲಿನಲ್ಲಿ ತೀರ್ಮಾನ ಮಾಡಹೊರಡುವುದು. ಅಲ್ಲಿ ಮೌನಕ್ಕೆ ಅರ್ಥವಿಲ್ಲ. ಉತ್ತರ ಬರದಿದ್ದರೆ ಒಪ್ಪಿಗೆಯೋ, ಓದಿಯೇ ಇಲ್ಲವೋ ತಿಳಿಯದು. ಇಮೇಲು ಮಾಹಿತಿ ಹಂಚಲು ಮಾತ್ರ. ಇನ್ನೊಂದು, ಕಾವೇರುವ ವಿಷಯವನ್ನು ನೇರ ತೀರ್ಮಾನದ ಸಭೆಗೆ ತರುವುದು. ಅಂಥದಕ್ಕೆ ಮೊದಲು, ಕಾಳು ಹೊಟ್ಟು ಬೇರೆ ಮಾಡುವ ಹಾಗೆ, ಒಂದು ಒಕ್ಕಣೆ ಸಭೆ ಇಡಬೇಕು: ಎಲ್ಲರೂ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಳ್ಳಲಿ, ಆದರೆ ಅವತ್ತು ಏನನ್ನೂ ತೀರ್ಮಾನಿಸುವುದಿಲ್ಲ ಎಂಬ ಷರತ್ತಿನ ಮೇಲೆ. ಅದಾದ ಮೇಲಿನ ಸಭೆ ಸಲೀಸು. ಮೂರನೆಯದು ಸುಮ್ಮನಿರುವ ಸಭ್ಯರದು. ಸಭೆಯಲ್ಲಿ ಬಾಯಿ ಬಿಡದೆ ಆಮೇಲೆ ಕ್ಲರ್ಕಿಗೆ ಫೋನು ಮಾಡಿ ಅಸಮಾಧಾನ ತೋಡಿಕೊಳ್ಳುವವರಿಂದ ಆಗುವ ಹಾನಿ ಜೋರಾಗಿ ವಿರೋಧಿಸುವವರಿಂದ ಆಗುವುದಿಲ್ಲ.

ಇಷ್ಟು ತಾಳ್ಮೆಯ ಪದ್ಧತಿಗೆ ಕಾಲೇಜಿನ ಕರಾರುಪತ್ರ ಕಾಯುವುದಿಲ್ಲ. ಊಟಕ್ಕೆ ಎಷ್ಟು ಜನ ಎಂಬ ಖಚಿತ ಸಂಖ್ಯೆಯನ್ನು ಸಾಮಾನ್ಯವಾಗಿ ಒಂದೆರಡು ವಾರ ಮುಂಚೆ ಕೊಡಬೇಕು. ಆಮೇಲೆ ಜನ ಕಡಿಮೆ ಬಂದರೂ ಅಷ್ಟಕ್ಕೂ ದುಡ್ಡು ಕಟ್ಟಬೇಕು. ಕೋಣೆಗಳದ್ದೂ ಹಾಗೇ. 500 ಹಾಸಿಗೆ ಹಿಡಿದು, ಅದರ ಶೇ 85ರಷ್ಟಕ್ಕೆ ಖಾತರಿ ಕೊಟ್ಟಿದ್ದು, 380 ಮಾತ್ರ ತುಂಬಿದರೆ 45 ಖಾಲಿ ಹಾಸಿಗೆಯ ಬಾಡಿಗೆ ಸಂಘಟಕರ ಮೇಲೆ. ಈಚಿನ ವರ್ಷಗಳಲ್ಲಿ ‘ಮನಸ್ಸು ಪ್ರೇರಿಸಿದಷ್ಟು ಕೊಡಿ’ ಎನ್ನುವ ಶುಲ್ಕಪದ್ಧತಿ ಬಂದಿರುವುದರಿಂದ ಆದಾಯದ ಅಂದಾಜೂ ಕಷ್ಟ. ಹಾಗಾಗಿ ಮೊದಲೆರಡು ಸಭೆಗಳಲ್ಲೇ ಒಂದು ಮಿನಿಟ್ ಮಾಡಿಟ್ಟುಕೊಳ್ಳಬೇಕು: ಇಷ್ಟು ಡಾಲರಿನ ಒಳಗಿನ ಖರ್ಚು, ಇಷ್ಟು ದಿನದೊಳಗೆ ಉತ್ತರ ಕೊಡಬೇಕಾದ ವಿಷಯ, ಇವನ್ನು ಕ್ಲರ್ಕ್ ಮತ್ತು ಎಫ್‌ಜಿಸಿ ಕಚೇರಿಯ ಸಂಯೋಜಕರು ತಾವೇ ತೀರ್ಮಾನಿಸಿ ಸಮಿತಿಗೆ ತಿಳಿಸಬಹುದು. ಈ ಮಿನಿಟ್ ಇಲ್ಲದ ಸಮಿತಿ ಜೂನ್‌ನಲ್ಲಿ ನಿಂಬೆ ಪಾನಕದ ಪಾತ್ರೆಗೂ ಸಭೆ ಕರೆಯುತ್ತದೆ.

ಕ್ಯಾಂಪಸ್ ನೋಡಲು ಹೋಗುವಾಗ ಅಳತೆ ಟೇಪು, ನೆಲಮಟ್ಟದ ನಕ್ಷೆ, ಸಾಧ್ಯವಾದರೆ ಗಾಲಿಕುರ್ಚಿ ಬಳಸುವ ಸದಸ್ಯರೊಬ್ಬರು ಜೊತೆಗಿರಬೇಕು. ಕಾಲೇಜಿನ ಜಾಲತಾಣ ‘40 ಜನರ ಕೊಠಡಿ’ ಎಂದರೆ ನಂಬುವಂತಿಲ್ಲ. ಅದು ಸಾಲುಗಳ ಲೆಕ್ಕ, ಕ್ವೇಕರ್ ವರ್ಕ್‌ಶಾಪು ನಡೆಯುವುದು ವೃತ್ತದಲ್ಲಿ. ಲೆಕ್ಕ ಹೀಗೆ: ಮೊಣಕೈ ತಾಕದಂತೆ ಕೂರಲು ಒಬ್ಬರಿಗೆ ಎರಡೂವರೆ ಅಡಿ. 20 ಜನಕ್ಕೆ 50 ಅಡಿ ಸುತ್ತಳತೆ, ಅಂದರೆ ವ್ಯಾಸ ಸುಮಾರು 16 ಅಡಿ. ಕುರ್ಚಿಯ ಬೆನ್ನು, ಅದರ ಹಿಂದೆ ಒಬ್ಬರು ನಡೆದುಹೋಗುವಷ್ಟು ಜಾಗ, ಸುತ್ತಲೂ ಮೂರೂವರೆ ಅಡಿ ಸೇರಿಸಿ. ಕೊಠಡಿ 23 ಅಡಿ ಉದ್ದ, 23 ಅಡಿ ಅಗಲ ಇರಲೇಬೇಕು. 20 ಅಡಿ ಅಗಲ, 35 ಅಡಿ ಉದ್ದದ ತರಗತಿಯಲ್ಲಿ ವಿಸ್ತೀರ್ಣ ಹೆಚ್ಚೇ ಇದ್ದರೂ ವೃತ್ತ ಮೊಟ್ಟೆಯಾಗುತ್ತದೆ. ಮೊಟ್ಟೆಯ ಎರಡು ತುದಿಯವರಿಗೆ ಪರಸ್ಪರ ಮಾತು ಕೇಳದು, ನಡುವಿನವರು ಮಾತ್ರ ಮಾತಾಡತೊಡಗುತ್ತಾರೆ. ನೆಲಕ್ಕೆ ಬೋಲ್ಟ್ ಮಾಡಿದ ಆಸನಗಳ ಉಪನ್ಯಾಸ ಕೊಠಡಿ, ಎಷ್ಟು ಚೆಂದವಿದ್ದರೂ, ಪಟ್ಟಿಯಿಂದ ಹೊರಗೆ. ಬರೆಯುವ ಹಲಗೆ ಅಂಟಿಕೊಂಡಿರುವ ಕುರ್ಚಿಗಳಲ್ಲಿ ದಪ್ಪ ಮೈಯವರೂ ಮಂಡಿನೋವಿನವರೂ ಕೂರಲಾರರು. ಕೊಠಡಿಗೆ ನಾಲ್ಕಾದರೂ ತೋಳಿಲ್ಲದ ಕುರ್ಚಿ ಬೇಕೆಂದು ಬರೆದುಕೊಡಿ. ಗಾಲಿಕುರ್ಚಿಯವರಿಗೆ ವೃತ್ತದಲ್ಲಿ ಮೂರಡಿ ತೆರಪು ಮೊದಲೇ ಬಿಟ್ಟಿರಬೇಕು. ಅವರು ಬಂದ ಮೇಲೆ ಎಲ್ಲರೂ ಎದ್ದು ಕುರ್ಚಿ ಸರಿಸುವ ಸಂಭ್ರಮ ಬೇಡ. ಬಾಗಿಲ ತೆರಪು ಕನಿಷ್ಠ 32 ಇಂಚು, ಇಳಿಜಾರು ಹನ್ನೆರಡಕ್ಕೆ ಒಂದು. ಅಮೆರಿಕದ ಕಾನೂನೇ ಅಷ್ಟು ಹೇಳುತ್ತದೆ, ಆದರೆ ಹಳೆಯ ಕಟ್ಟಡಗಳಲ್ಲಿ ಅಳೆದೇ ನೋಡಬೇಕು.

ವರ್ಕ್‌ಶಾಪು ನಡೆಸಲು ಮುಂದೆ ಬರುವವರ ಪ್ರಸ್ತಾವಗಳನ್ನು ಉಪಸಮಿತಿ ಓದುತ್ತದೆ. ಒಂದೊಂದನ್ನು ಕನಿಷ್ಠ ಇಬ್ಬರು ಬೇರೆ ಬೇರೆಯಾಗಿ ಓದಿ ಆಮೇಲೆ ಕೂಡಿ ಮಾತಾಡುವುದು ಒಳ್ಳೆಯದು. ಮೊದಲೇ ಒಟ್ಟಿಗೆ ಓದಿದರೆ ಜೋರು ದನಿಯವರ ಅಭಿಪ್ರಾಯವೇ ಎಲ್ಲರದ್ದಾಗಿಬಿಡುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ಎರಡೂವರೆ ಗಂಟೆ, ಐದು ದಿನ: ಅಷ್ಟು ಹೊತ್ತಿಗೆ ಸಾಕಾಗುವ ಸರಕು ಇದೆಯೇ ಎಂಬುದು ಮೊದಲ ಪ್ರಶ್ನೆ. ಒಂದು ಗಂಟೆಯ ಉಪನ್ಯಾಸವನ್ನು ಐದು ದಿನಕ್ಕೆ ಎಳೆದ ಪ್ರಸ್ತಾವ ವಿವರಣೆಯಲ್ಲೇ ಸಿಕ್ಕಿಬೀಳುತ್ತದೆ; ಮೂರನೇ ದಿನ ಏನು ಮಾಡುತ್ತೀರಿ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಬಂದವರು ತಮ್ಮ ಒಂದನೇ, ಎರಡನೇ, ಮೂರನೇ ಆಯ್ಕೆ ಕೊಡುತ್ತಾರೆ. ಹಂಚಿಕೆ ಕಂಪ್ಯೂಟರ್ ಮಾಡಬಲ್ಲದು, ಕೊಠಡಿ ಕೊಡುವುದನ್ನು ಮನುಷ್ಯರೇ ಮಾಡಬೇಕು. ಮೌನಧ್ಯಾನದ ವರ್ಕ್‌ಶಾಪಿನ ಮೇಲಿನ ಅಂತಸ್ತಿಗೆ ಜಾನಪದ ನೃತ್ಯ ಬಿದ್ದರೆ ಐದು ದಿನವೂ ರಂಪ. ಹಾಡು, ಡೋಲು, ನೃತ್ಯ ಇವನ್ನೆಲ್ಲ ಒಂದೇ ಕಟ್ಟಡಕ್ಕೆ ಕಳಿಸಿ. ಬಣ್ಣ, ಜೇಡಿಮಣ್ಣಿನದಕ್ಕೆ ನಲ್ಲಿ ತೊಟ್ಟಿ ಇರುವ ಕೊಠಡಿ. ನಡೆಯಲು ಕಷ್ಟವಿರುವವರ ವರ್ಕ್‌ಶಾಪು ಅವರ ಹಾಸ್ಟೆಲಿನ ಪಕ್ಕದ ಕಟ್ಟಡದಲ್ಲಿ.

ಈ ಕೊನೆಯ ನಿಯಮಕ್ಕೆ ಗಾಲ್ಫ್ ಗಾಡಿಯ ಲೆಕ್ಕವೇ ಕಾರಣ. ಆರು ಸೀಟಿನ ಗಾಡಿಯಲ್ಲಿ ಚಾಲಕ ಬಿಟ್ಟು ಐವರು. ಒಂದು ಸುತ್ತಿಗೆ, ಹತ್ತಿಸಿ ಇಳಿಸುವುದೂ ಸೇರಿ, 12 ನಿಮಿಷ. ಎಂಟೂವರೆಯಿಂದ ಒಂಬತ್ತೂ ಕಾಲರವರೆಗಿನ 45 ನಿಮಿಷದಲ್ಲಿ ಒಂದು ಗಾಡಿ ನಾಲ್ಕು ಸುತ್ತು ಹಾಕಿದರೆ ಹೆಚ್ಚು. ನಾಲ್ಕು ಗಾಡಿಗೆ 80 ಜನ, ಮಡಚಿದ ವಾಕರುಗಳು ಸುತ್ತಿಗೊಂದು ಸೀಟು ಹಿಡಿದರೆ 64. ಬೇಕಾದವರು 120 ಇದ್ದರೆ ಗಾಡಿ ಹೆಚ್ಚಿಸಿ ಪ್ರಯೋಜನವಿಲ್ಲ, ಚಾಲಕರೂ ಚಾರ್ಜಿಂಗ್ ಜಾಗವೂ ಸಿಗುವುದಿಲ್ಲ. ನಡೆಯುವ ದೂರವನ್ನೇ ಕಡಿಮೆ ಮಾಡಬೇಕು. ಕೆಡುವ ಇನ್ನೊಂದು ಜಾಗ ಬ್ಯಾಟರಿ. ಹಗಲೆಲ್ಲ ಓಡಿದ ಗಾಡಿ ಸಂಜೆಯ ದೊಡ್ಡ ಸಭೆ ಬಿಡುವ ಹೊತ್ತಿಗೆ, ಅಂದರೆ ಕತ್ತಲಲ್ಲಿ ಎಲ್ಲರಿಗೂ ಬೇಕಾದ ಹೊತ್ತಿಗೆ, ನಿಂತುಬಿಡುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸರದಿಯಲ್ಲಿ ಚಾರ್ಜಿಗೆ ಹಾಕುವ ಪಟ್ಟಿ ಚಾವಿಯ ಪಕ್ಕದಲ್ಲೇ ತೂಗುಹಾಕಿರಬೇಕು. ಗಾಲಿಕುರ್ಚಿಯನ್ನು ಗಾಲ್ಫ್ ಗಾಡಿಗೆ ಏರಿಸಲಾಗದು, ಅದಕ್ಕೆ ಲಿಫ್ಟ್ ಇರುವ ವ್ಯಾನೇ ಬೇಕು.

ಬಂದವರ ನೋಂದಣಿ ಮೇಜಿನಲ್ಲಿ ಒಬ್ಬರಿಗೊಂದು ಲಕೋಟೆ: ಕೋಣೆಯ ಕೀಲಿ, ಊಟದ ಕಾರ್ಡು, ಹೆಸರಿನ ಬಿಲ್ಲೆ, ನಕ್ಷೆ. ಕ್ವೇಕರರು ಡಾಕ್ಟರ್, ಪ್ರೊಫೆಸರ್, ರೆವರೆಂಡ್ ಎಂದೆಲ್ಲ ಹಾಕುವುದಿಲ್ಲ, ಬಿಲ್ಲೆಯಲ್ಲಿ ಹೆಸರು ಮತ್ತು ತಮ್ಮೂರಿನ ಮೀಟಿಂಗಿನ (ಕ್ವೇಕರ್ ಸಭೆಯ) ಹೆಸರು ಮಾತ್ರ. ತೊಡಕು ನಮ್ಮ ಕಡೆಯ ಹೆಸರುಗಳಲ್ಲಿ. ಪಾಸ್‌ಪೋರ್ಟಿನಲ್ಲಿ ನಾಗರಾಜ ಎಂಬ ಒಂದೇ ಹೆಸರಿದ್ದು ಅದು ಮನೆತನದ ಹೆಸರಿನ ಕಾಲಂನಲ್ಲಿ ಕೂತಿದ್ದರೆ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಅದನ್ನೇ ಅರ್ಜಿಗೆ ಇಳಿಸಿದರೆ ಬಿಲ್ಲೆಯಲ್ಲಿ ‘ಎಫ್‌ಎನ್‌ಯು’ ಎಂದೇ ಬಂದು, ವಾರವಿಡೀ ಜನ ‘ಫ್ನೂ’ ಎಂದು ಕರೆಯುವ ಯೋಗ. ಇನಿಶಿಯಲ್ ಮೊದಲು ಬರೆಯುವವರ ಲಕೋಟೆ ಇನಿಶಿಯಲ್ಲಿನ ಅಕ್ಷರದ ಪೆಟ್ಟಿಗೆಗೆ ಹೋಗಿ ಸಿಗದೇ ಹೋಗುತ್ತದೆ. ಅರ್ಜಿಯಲ್ಲಿ ‘ನಿಮ್ಮನ್ನು ಏನೆಂದು ಕರೆಯಬೇಕು’ ಎಂಬ ಬೇರೆಯೇ ಕಾಲಂ ಇಟ್ಟು ಬಿಲ್ಲೆಯನ್ನು ಅದರಿಂದ ಅಚ್ಚು ಹಾಕಿಸಿ, ಲಕೋಟೆ ಜೋಡಿಸುವುದೂ ಅದರ ಮೇಲೇ ಆದರೆ ನಮ್ಮವರದ್ದಷ್ಟೇ ಅಲ್ಲ, ಮದುವೆಯಾಗಿ ಹೆಸರು ಬದಲಿಸಿದವರದ್ದೂ ಲಿಂಗ ಬದಲಾದವರದ್ದೂ ತೊಡಕು ನೀಗುತ್ತದೆ. ಕಾನೂನಿನ ಹೆಸರು ಬೇಕಾಗುವುದು ಹಿನ್ನೆಲೆ ಪರಿಶೀಲನೆಗೆ.

ಆ ಪರಿಶೀಲನೆ ಮಕ್ಕಳ ಜೊತೆ ಕೆಲಸ ಮಾಡುವವರಿಗೆಲ್ಲ ಕಡ್ಡಾಯ. ಹಲವು ರಾಜ್ಯಗಳಲ್ಲಿ ವಾಸವಿದ್ದವರದು ವಾರಗಟ್ಟಲೆ ಹಿಡಿಯಬಹುದು, ಆದ್ದರಿಂದ ಮೇ ತಿಂಗಳಿಗೇ ಕಾಗದ ಕಳಿಸಿರಬೇಕು. ಒಬ್ಬ ವಯಸ್ಕರು ಒಂದು ಮಗುವಿನ ಜೊತೆ ಒಂಟಿಯಾಗಿ ಇರುವಂತಿಲ್ಲ, ಯಾವಾಗಲೂ ಇಬ್ಬರು. ಮಗುವನ್ನು ಶೌಚಕ್ಕೆ ಕರೆದೊಯ್ಯುವಾಗಲೂ ಅದೇ ನಿಯಮ. ಕೈಗೂಸುಗಳಿಗೆ ಮೂರು ನಾಲ್ಕಕ್ಕೊಬ್ಬರು ಎಂದಿಟ್ಟುಕೊಂಡರೂ ಈ ಇಬ್ಬರ ನಿಯಮದಿಂದ ಆರು ಮಕ್ಕಳ ಕೊಠಡಿಗೆ ಮೂವರು ಬೇಕಾಗುತ್ತದೆ, ಒಬ್ಬರು ಹೊರಗೆ ಹೋದರೂ ಇಬ್ಬರು ಉಳಿಯಲೆಂದು. ಈ ಮೂರನೆಯವರನ್ನೇ ಎಲ್ಲರೂ ಮರೆಯುವುದು. ಮಕ್ಕಳ ಕಾರ್ಯಕ್ರಮಕ್ಕೆ ‘ಜೂನಿಯರ್ ಗ್ಯಾದರಿಂಗ್’ ಎಂದು ಹೆಸರು. ಹೈಸ್ಕೂಲಿನವರದು ಬೇರೆಯೇ ಲೋಕ: ಒಂದೇ ಹಾಸ್ಟೆಲಿನಲ್ಲಿ ಒಟ್ಟಿಗೆ ವಾಸ, ತಮ್ಮದೇ ಕ್ಲರ್ಕುಗಳು, ತಮ್ಮದೇ ವ್ಯವಹಾರ ಸಭೆ. ಎಷ್ಟೋ ಸಲ ಅವರ ಸಭೆ ದೊಡ್ಡವರ ಸಭೆಗಿಂತ ಶಿಸ್ತಾಗಿರುತ್ತದೆ. ಪೋಷಕರಿಲ್ಲದೆ ಬರುವ ಹುಡುಗರಿಗೆ ಕ್ಯಾಂಪಸ್ಸಿನಲ್ಲೇ ಇರುವ ಒಬ್ಬ ಜವಾಬ್ದಾರ ವಯಸ್ಕರನ್ನು ಮೊದಲೇ ಗೊತ್ತುಮಾಡಿರಬೇಕು.

ಊಟದ ಮನೆಯಲ್ಲಿ ಹೆಚ್ಚಿನವರು ತಪ್ಪು ಕಡೆ ನೋಡುತ್ತಾರೆ. 800 ಜನ, ಎರಡು ಬಡಿಸುವ ಸಾಲು, ಸಾಲೊಂದಕ್ಕೆ ನಿಮಿಷಕ್ಕೆ ಎಂಟು ತಟ್ಟೆ ಎಂದರೆ 50 ನಿಮಿಷಕ್ಕೆ ಎಲ್ಲರಿಗೂ ಬಡಿಸಿ ಆಗುತ್ತದೆ. ಸರಿಯಾಯಿತು ಎನ್ನಿಸುತ್ತದೆ. ಆದರೆ ಒಬ್ಬರು ಕೂತು ಉಣ್ಣಲು, ಹರಟೆ ಸೇರಿ, 35 ನಿಮಿಷ. ನಿಮಿಷಕ್ಕೆ 16 ಜನ ಒಳಗೆ ಬರುತ್ತಿದ್ದರೆ ಮೊದಲಿಗರು ಏಳುವ ಹೊತ್ತಿಗೆ ಒಳಗೆ 560 ಜನ. ಹಾಲಿನಲ್ಲಿರುವುದು 400 ಕುರ್ಚಿ. ತಟ್ಟೆ ಹಿಡಿದು ಜಾಗ ಹುಡುಕುವವರು ನೂರ ಅರವತ್ತು. ಮೂರನೇ ಸಾಲು ತೆರೆದರೆ ಇದು ಇನ್ನೂ ಕೆಡುತ್ತದೆ. ಮದ್ದು ಹೊರಗಿದೆ: ಮಕ್ಕಳ ಗುಂಪುಗಳಿಗೆ ಹನ್ನೊಂದೂವರೆಗೇ ಊಟ, ಅರ್ಧದಷ್ಟು ವರ್ಕ್‌ಶಾಪುಗಳು ಹನ್ನೊಂದೂ ಮುಕ್ಕಾಲಿಗೆ ಬಿಟ್ಟರೆ ಉಳಿದವು ಹನ್ನೆರಡೂ ಕಾಲಿಗೆ, ಮರದಡಿ ನೂರು ಮಡಚುಕುರ್ಚಿ. ನಿಲ್ಲಲಾರದವರಿಗೆ ಬೇರೆ ಸಾಲು, ತಟ್ಟೆ ಹೊರಲು ಇಬ್ಬರು ಸ್ವಯಂಸೇವಕರು. ಸಸ್ಯಾಹಾರಿಗಳು ಇಲ್ಲಿ ಧಾರಾಳ, ನಮಗೆ ಪರದಾಟವಿಲ್ಲ. ಗ್ಲೂಟೆನ್ ಇಲ್ಲದ ಅಡುಗೆಯದ್ದೇ ಗಲಾಟೆ: ಇಕ್ಕಳ ಅದಲುಬದಲಾದರೆ ಇಡೀ ಪಾತ್ರೆ ಕೆಟ್ಟಂತೆ. ಆ ಪಾತ್ರೆಗಳ ಮುಂದೆ ಬರೀ ಚೀಟಿ ಸಾಲದು, ಜನ ನಿಂತಿರಬೇಕು.

ಸಂಜೆಯ ಸಭೆಯಲ್ಲಿ ಮೈಕು ಒಯ್ಯುವ ಕೆಲಸ ಸುಲಭವೆಂದು ತೋರುತ್ತದೆ. ನೂರಾರು ಜನ ಮೌನದಲ್ಲಿ ಕೂತಿದ್ದಾರೆ. ಎಲ್ಲೋ ಒಬ್ಬರು ಏಳುತ್ತಾರೆ. ಅವರು ಬಾಯಿ ತೆರೆಯುವ ಮೊದಲು ಮೈಕು ತಲುಪಬೇಕು, ಆದರೆ ಓಡುವಂತಿಲ್ಲ, ನೆಲ ಸದ್ದು ಮಾಡುವಂತಿಲ್ಲ. ಆದ್ದರಿಂದ ಸಭಾಂಗಣವನ್ನು ಆರು ತುಂಡು ಮಾಡಿ, ತುಂಡಿಗೊಬ್ಬರು, ಓಣಿಯ ಪಕ್ಕದ ಕುರ್ಚಿಯಲ್ಲಿ, ಮೆತ್ತನೆಯ ಅಡಿಯ ಚಪ್ಪಲಿ ಹಾಕಿಕೊಂಡು. ಮೈಕು ಆನ್ ಆಗಿಯೇ ಇರಬೇಕು, ದನಿಯನ್ನು ಮುಂದಿನ ಮೇಜಿನವರು ಏರಿಸಿ ಇಳಿಸುತ್ತಾರೆ. ಸ್ವಿಚ್ಚಿನ ಟಿಕ್ ಸದ್ದು ಮೌನದಲ್ಲಿ ಪಟಾಕಿಯಂತೆ ಕೇಳುತ್ತದೆ. ಮೈಕನ್ನು ಮಾತಾಡುವವರ ಕೈಗೆ ಕೊಡದೆ ನಾವೇ ಗಲ್ಲದ ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿಯುವುದು ಮೇಲು. ಕೊಟ್ಟರೆ ಎರಡನೇ ವಾಕ್ಯಕ್ಕೇ ಅದು ಹೊಟ್ಟೆಯ ಮಟ್ಟಕ್ಕೆ ಇಳಿಯುತ್ತದೆ. ‘ನನಗೆ ಮೈಕು ಬೇಡ, ನನ್ನ ದನಿ ದೊಡ್ಡದು’ ಎನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರಿಗೆ ಹೇಳಬೇಕಾದ್ದು ಒಂದೇ: ಕಿವಿಯ ಉಪಕರಣಕ್ಕೆ ಕೂಡಿಸಿದ ಸಾಧನವೂ ಪರದೆಯ ಮೇಲೆ ಅಕ್ಷರ ಟೈಪಿಸುವವರ ಹೆಡ್‌ಫೋನೂ ಮೈಕಿನೊಳಗೆ ಬಂದ ದನಿಯನ್ನು ಮಾತ್ರ ಹಿಡಿಯುತ್ತವೆ. ಕೋಣೆಯಲ್ಲಿ ಎಷ್ಟು ಜೋರಾಗಿ ಗುಡುಗಿದರೂ ಅವರಿಗೆ ಅದು ಬರೀ ಬಾಯಿ ಆಡಿಸಿದಂತೆ. ಮಾತು ಮುಗಿದ ಮೇಲೆ ಕೂಡಲೇ ಹಿಂದಿರುಗದೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಮೌನ ಮತ್ತೆ ನೆಲೆಗೊಂಡ ಮೇಲೆ ಏಳಬೇಕು.

ಜುಲೈ 4 ಆ ವಾರದಲ್ಲೇ ಬರುತ್ತದೆ. ಕ್ಯಾಂಪಸ್ ಸಿಬ್ಬಂದಿಗೆ ರಜೆ, ಧ್ವನಿ ತಂತ್ರಜ್ಞರು ಬಂದರೆ ದುಪ್ಪಟ್ಟು ಕೂಲಿ ಕೇಳಬಹುದು, ಊರಿನಲ್ಲಿ ಪಟಾಕಿ. ಕರಾರಿನಲ್ಲಿ ಆ ದಿನದ ಸಿಬ್ಬಂದಿಯನ್ನು ಬೇರೆಯಾಗಿ ಬರೆಸಿ. ಮೌನಸಭೆಯನ್ನು ಪಟಾಕಿಯ ಹೊತ್ತಿಗೆ ಇಡಬೇಡಿ. ಯುದ್ಧ ಕಂಡವರಿಗೂ ಸಣ್ಣ ಮಕ್ಕಳಿಗೂ ಆ ಸದ್ದು ಹಿಂಸೆ, ಒಳಗಿನ ಕೊಠಡಿಯೊಂದನ್ನು ಅವರಿಗಾಗಿ ತೆರೆದಿಡಿ. ಓಹಾಯೋ, ಅಯೋವಾದ ಕಡೆ ಆ ಕಾಲದಲ್ಲಿ ಗುಡುಗುಮಳೆ, ಸುಂಟರಗಾಳಿಯ ಸೈರನ್ ಎರಡೂ ಸಾಧ್ಯ. ಪ್ರತಿ ಕಟ್ಟಡದಲ್ಲೂ ಕಿಟಕಿಯಿಲ್ಲದ ಕೆಳ ಅಂತಸ್ತಿನ ಜಾಗ ಯಾವುದು ಎಂಬುದು ಮೊದಲ ದಿನವೇ ಬಾಗಿಲಿಗೆ ಅಂಟಿರಬೇಕು. ಅಂಟಿಸಲು ನೀಲಿ ಪೇಂಟರ್ ಟೇಪು ಮಾತ್ರ, ಬೇರೆ ಟೇಪು ಗೋಡೆಯ ಬಣ್ಣ ಕಿತ್ತರೆ ಕಾಲೇಜು ಬಿಲ್ ಕಳಿಸುತ್ತದೆ.

ಸ್ವಾಗತದವರಿಗೆ ಒಂದು ಮಾತು ಕಲಿಸಲೇಬೇಕು. ಈ ಕವಲಿನ ಕ್ವೇಕರರಲ್ಲಿ ಬಿಳಿಯರೇ ಹೆಚ್ಚು. ಕಂದು, ಕಪ್ಪು ಮೈಬಣ್ಣದವರನ್ನು ಕಂಡ ಕೂಡಲೇ ‘ಇದು ನಿಮ್ಮ ಮೊದಲ ಸಲವೇ?’, ‘ನಿಜವಾಗಿ ಎಲ್ಲಿಯವರು?’ ಎಂದು ಪ್ರೀತಿಯಿಂದಲೇ ಕೇಳುವವರು ಇದ್ದಾರೆ. ಇಪ್ಪತ್ತು ವರ್ಷದಿಂದ ಬರುತ್ತಿರುವವರಿಗೆ ದಿನಕ್ಕೆ ಐದು ಸಲ ಈ ಪ್ರಶ್ನೆ ಬಂದರೆ ಹೇಗಿರುತ್ತದೆ? ಎಫ್‌ಜಿಸಿ ತನ್ನೊಳಗಿನ ಜನಾಂಗಭೇದವನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಕೆಲಸಕ್ಕೆ 2016ರಲ್ಲಿ ಕೈಹಾಕಿತು. ಬಿಳಿಯರಲ್ಲದ ಫ್ರೆಂಡ್ಸ್ ತಾವೇ ಸೇರಿ ಕೂರಲು ಸಮಾವೇಶದಲ್ಲಿ ಬೇರೆ ಕೇಂದ್ರವೂ ಇರುತ್ತದೆ. ಮೇಜಿನ ಮುಂದೆ ಕೇಳಬೇಕಾದ ಪ್ರಶ್ನೆ ಎಲ್ಲರಿಗೂ ಒಂದೇ ಆಗಿರಲಿ: ‘ನಿಮ್ಮ ಹೆಸರು ಹೇಗೆ ಹೇಳಬೇಕು?’

ಕೊನೆಯ ಬೆಳಗ್ಗೆ ಎಲ್ಲರೂ ಕಾರು ತುಂಬುವ ಗಡಿಬಿಡಿಯಲ್ಲಿರುವಾಗ ಕೀಲಿಗಳು ಜೇಬಿನಲ್ಲೇ ಊರಿಗೆ ಹೋಗುತ್ತವೆ. ಪ್ರತಿ ಹಾಸ್ಟೆಲಿನ ಬಾಗಿಲಲ್ಲೂ ಒಬ್ಬರು ಪೆಟ್ಟಿಗೆ, ಪಟ್ಟಿ ಹಿಡಿದು ಬೆಳಗ್ಗೆ ಆರರಿಂದ ಕೂರಬೇಕು. ಕಳೆದ ಕೀಲಿಗೆ ಕಾಲೇಜು ವಿಧಿಸುವ ದಂಡ ಬೀಗ ಬದಲಿಸುವ ಖರ್ಚಿನಷ್ಟಿರುತ್ತದೆ. ಬಾಣದ ಫಲಕಗಳನ್ನು ಊಟಕ್ಕೆ ಮುಂಚೆ ಕಿತ್ತರೆ ಊಟದ ಮನೆ ಸಿಗದವರು ಬಂದು ಕೇಳುತ್ತಾರೆ, ಆಮೇಲೆ ಕೀಳೋಣವೆಂದರೆ ಕೀಳುವವರು ಹೊರಟುಹೋಗಿರುತ್ತಾರೆ. ಹಾಕಿದವರೇ ಯಾವ ಕಂಬ ಎಂದು ನಕ್ಷೆಯಲ್ಲಿ ಗುರುತಿಟ್ಟಿದ್ದರೆ ಇಬ್ಬರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ.

ಆಮೇಲೆ ಮುಂದಿನ ಸಮಿತಿಗೆ ಬರೆದಿಡುವ ಕಡತ. ‘ಎಲ್ಲ ಚೆನ್ನಾಗಿ ನಡೆಯಿತು, ಎಲ್ಲರಿಗೂ ಧನ್ಯವಾದ’ ಎಂದು ಎರಡು ಪುಟ ಬರೆಯುವವರಿಂದ ಯಾರಿಗೂ ಉಪಯೋಗವಿಲ್ಲ. ಕಡತದಲ್ಲಿ ಇರಬೇಕಾದ್ದು: ನೀಲಿ ಟೇಪು ಎಷ್ಟು ಸುರುಳಿ ಖರ್ಚಾಯಿತು, ಎಷ್ಟು ಉಳಿದು ಎಲ್ಲಿಗೆ ಹೋಯಿತು, ಗಾಡಿಗೆ ಯಾವ ಹೊತ್ತಿನಲ್ಲಿ ಎಷ್ಟು ಜನ ಕಾದರು, ಕಾಲೇಜಿನಲ್ಲಿ ಯಾವ ಪ್ರಶ್ನೆಗೆ ಯಾವ ವಿಭಾಗದವರು ಉತ್ತರ ಕೊಡುತ್ತಾರೆ, ಒಪ್ಪಿಕೊಂಡವರು ಕಾಣೆಯಾದ ಕೆಲಸಗಳು ಯಾವುವು (ಹೆಸರು ಬೇಡ, ಕೆಲಸ ಮಾತ್ರ), ಕ್ಲರ್ಕ್‌ಗೆ ಬಿಟ್ಟ ಖರ್ಚಿನ ಮಿತಿ ಸಾಕಾಯಿತೇ. ಬರೆಯಲು ಗಡುವು ಜುಲೈ ಕೊನೆ. ಸೆಪ್ಟೆಂಬರಿಗೆ ಬಿಟ್ಟರೆ ಅಂಕಿಗಳೆಲ್ಲ ‘ಸುಮಾರು’ ಆಗಿರುತ್ತವೆ, ಅಷ್ಟರಲ್ಲಿ ಮುಂದಿನ ಕ್ಯಾಂಪಸ್ಸಿಗೆ ಅಳತೆ ಟೇಪು ಹಿಡಿದು ಹೊರಡುವವರು ಅದನ್ನೇ ಕೇಳುತ್ತಿರುತ್ತಾರೆ.